ಮಡಕೆಯ ಮೇಲೆ ಅಂಗೈ

ಕಡಬದ ಮೈಕ್ ಬೋಜ ಎಂದರೆ ಪೆರಾಬೆಯಿಂದ ನೆಲ್ಯಾಡಿಯವರೆಗೆ ಗೊತ್ತಿಲ್ಲದವರಿಲ್ಲ. ಮದುವೆಯಿರಲಿ, ಬಯಲಾಟವಿರಲಿ, ಚಪ್ಪರಕ್ಕೆ ಎಲ್ಲರಿಗಿಂತ ಮೊದಲು ಬರುವವನು ಅವನೇ. ಅವನ ಸ್ಪೀಕರ್ ಪೆಟ್ಟಿಗೆ ಕೂಗಿತೆಂದರೆ ಹೊಳೆಯಾಚೆಯವರೂ ಎದ್ದು ಕೂರಬೇಕು. ಅಂಥವನ ಮಗಳು ಅಪ್ಪಿಗೇ ಕಿವಿ ಕೇಳದೆ ಹೋಯಿತಲ್ಲ, ದೇವರಿಗೆ ತಮಾಷೆ ಮಾಡಲು ಬೇರೆ ಮನೆ ಸಿಗಲಿಲ್ಲವೇ ಎಂದು ನನಗಂತೂ ಈಗಲೂ ಸಿಟ್ಟು ಬರುತ್ತದೆ.

ಮಂಗಳೂರಿನ ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಡಲಿಲ್ಲ. ಹುಟ್ಟಿನಿಂದಲೇ ಅಪ್ಪಿಗೆ ಏನೂ ಕೇಳುವುದಿಲ್ಲ, ಬರುವ ಸೋಮವಾರವೇ ಕಿವುಡು ಮಕ್ಕಳ ಶಾಲೆಗೆ ಸೇರಿಸಿ, ಅಲ್ಲೇ ಉಳಿದು ಕಲಿಯಲಿ ಎಂದರು. ಹೆಂಡತಿ ಪಂಕಜಾಕ್ಷಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಪ್ಪಿದಳು. ಬೋಜ ಒಪ್ಪಲಿಲ್ಲ. ಐದು ವರ್ಷದ ಕೂಸನ್ನು ದೂರದೂರಲ್ಲಿ ಬಿಟ್ಟು ಬರುವುದು ಅವನಿಂದಾಗದ ಮಾತು.

ಮುಳುಗುವವನಿಗೆ ಹುಲ್ಲುಕಡ್ಡಿಯಾದರೂ ಬೇಕು ನೋಡಿ. ಇವನಿಗೆ ಸಿಕ್ಕಿದ್ದು ಮಡಕೆ. ಆಗೆಲ್ಲ ಮನೆಯಲ್ಲಿ ಹಾಡು ಕೇಳುವ ಶೋಕಿಯವರು ಮಣ್ಣಿನ ಮಡಕೆಯ ಬಾಯಿಗೆ ಸ್ಪೀಕರ್ ಕೂರಿಸುತ್ತಿದ್ದರು. ಸ್ವರ ತುಂಬಿಕೊಂಡು ಗುಂಯ್ ಎಂದು ಬರುತ್ತಿತ್ತು. ಬೋಜನೂ ಗಲ್ಫಿನಿಂದ ಬಂದ ಟೇಪ್ ರೆಕಾರ್ಡರಿಗೆ ಅಂಥದೊಂದು ಮಡಕೆ ಜೋಡಿಸಿ, ಜಗಲಿಯ ಮರದ ಬೆಂಚಿನ ಮೇಲಿಟ್ಟು ಚೆಂಡೆಯ ಕ್ಯಾಸೆಟ್ ಹಾಕಿದ. ಬೆಂಚಿನ ಇನ್ನೊಂದು ತುದಿಯಲ್ಲಿ ಆಡುತ್ತಿದ್ದ ಅಪ್ಪಿ ಗಕ್ಕನೆ ತಿರುಗಿದಳು. ಹತ್ತಿರ ಸರಿದು ಮಡಕೆಯ ಮೇಲೆ ಅಂಗೈ ಇಟ್ಟು ನಕ್ಕಳು. ಕ್ಯಾಸೆಟ್ ನಿಲ್ಲಿಸಿದಾಗ ಮಡಕೆಯನ್ನು ಎರಡು ಸಲ ತಟ್ಟಿದಳು, ಇನ್ನೂ ಬೇಕೆಂದು.

"ಕೇಳ್ತದೆ ಮಾರಾಯ್ತಿ, ಇವಳಿಗೆ ಕೇಳ್ತದೆ," ಎಂದ ಬೋಜ. "ಸಣ್ಣ ಸ್ವರ ಕೇಳುದಿಲ್ಲ, ಅಷ್ಟೆ. ಡಾಕ್ಟ್ರಿಗೆ ಎಂತ ಗೊತ್ತುಂಟು?"

ಪಂಕಜಾಕ್ಷಿಗೆ ನಂಬಲೂ ಹೆದರಿಕೆ, ಬಿಡಲೂ ಹೆದರಿಕೆ. "ಹಾಗಾದ್ರೆ ಸೋಮವಾರ ಆ ಶಾಲೆಗೆ ಹೋಗುದು ಬೇಡ್ವಾ?" ಎಂದು ಮೆಲ್ಲಗೆ ಕೇಳಿದಳು.

"ಬೇಡ. ಮನೆಯಿಡೀ ಸ್ವರ ತುಂಬಿಸ್ತೇನೆ. ಕಿವಿ ತೆರೆಯದೆ ಎಲ್ಲಿ ಹೋಗ್ತದೆ, ನೋಡುವ."

ಕಿವುಡನ ಮುಂದೆ ಕಿನ್ನರಿ ಎಂದು ಊರವರು ಬೆನ್ನ ಹಿಂದೆ ಆಡಿಕೊಂಡರು. ಅವನು ಇನ್ನೂ ಮೂರು ಮಡಕೆ ತಂದ. ಸ್ಪೀಕರ್ ಕೊಟ್ಟದ್ದು, ಜೊತೆಗೆ ನಿಂತು ವಯರ್ ಎಳೆದದ್ದು ಗೆಳೆಯ ಕುಂಞಿ ಮೋನು. "ನಾಲ್ಕು ಮೂಲೆಯಿಂದ ಬಂದ್ರೆ ಟಾಕೀಸಿನ ಹಾಗೆ ಆಗ್ತದೆ ಬೋಜಣ್ಣ," ಎಂದು ಅವನೂ ಆಸೆ ಹತ್ತಿಸಿದ.

ಇಲ್ಲೇ ಬೋಜನ ಕಸುಬು ಅವನಿಗೆ ಕೈ ಕೊಟ್ಟದ್ದು. ಪೆಟ್ಟಿಗೆಯನ್ನು ಕೆಳಗಿಟ್ಟರೆ ಮುಂದಿನ ಸಾಲಿಗಷ್ಟೇ ಸ್ವರ, ಮೇಲೆ ಕಟ್ಟಿದರೆ ಎಲ್ಲರಿಗೂ ಎಂಬುದು ಚಪ್ಪರದ ಪಾಠ. ಜನ್ಮವಿಡೀ ಹಾಗೆಯೇ ಕಟ್ಟಿದವನು. ಮಜ್ಜಿಗೆ ಮಡಕೆ ತೂಗಿಸುವ ಹಗ್ಗದ ಸಿಕ್ಕಗಳಲ್ಲಿ ನಾಲ್ಕು ಮಡಕೆಗಳನ್ನೂ ಮಾಡಿನ ಪಕ್ಕಾಸು ಮರಗಳಿಗೆ ನೇತು ಹಾಕಿ, ನಡುವೆ ಸಿಮೆಂಟಿನ ನೆಲದ ಮೇಲೆ ಅಪ್ಪಿಯನ್ನು ಕೂರಿಸಿ ಸ್ವಿಚ್ ಒತ್ತಿದ.

ಚೆಂಡೆ ಹೊಡೆಯಿತು. ಪಂಕಜಾಕ್ಷಿ ಕಿವಿ ಮುಚ್ಚಿಕೊಂಡಳು. ಅಂಗಳದ ಕೋಳಿಗಳು ದಿಕ್ಕಾಪಾಲಾದವು. ಅಪ್ಪಿ ತೆಂಗಿನ ಗೆರಟೆಗೆ ಹುಣಸೆ ಬೀಜ ತುಂಬುತ್ತಾ ಕುಳಿತಿದ್ದಳು. ಬೋಜ ಸ್ವರ ಏರಿಸಿದ. ಅವಳು ತಲೆ ಎತ್ತಲಿಲ್ಲ. "ಅಪ್ಪೀ, ಅಪ್ಪೀ," ಎಂದು ಹಿಂದಿನಿಂದ ಕಿರುಚಿಕೊಂಡ, ಇನ್ನೂ ಏರಿಸಿದ. ಒಂದು ಸ್ಪೀಕರ್ ಹರಿದು ಗರಗರ ಎಂದಿತು.

"ಸಾಕು ಬೋಜಣ್ಣ," ಎಂದು ಕುಂಞಿ ಮೋನು ಅವನ ಕೈ ಹಿಡಿದ.

ಬೋಜ ಕೊಡವಿಕೊಂಡು ಒಂದು ಮಡಕೆಯನ್ನು ಇಳಿಸಿದ. ಬೆಂಚಿನ ಮೇಲಿಟ್ಟು ಪಕ್ಕದಲ್ಲಿ ಮಗಳನ್ನು ಕೂರಿಸಿದ. ಅವಳು ಕೂಡಲೇ ತಿರುಗಿದಳು. ಅದೇ ಮಡಕೆಯನ್ನು ಎತ್ತಿ ಅವಳ ಕಿವಿಯ ಬಳಿ ಹಿಡಿದ. ಅವಳು ಗೆರಟೆಯತ್ತ ಕೈ ಚಾಚಿದಳು. ಮತ್ತೆ ಇಟ್ಟ, ಮತ್ತೆ ಎತ್ತಿದ.

"ಬೆಂಚು ಅದುರಿದ್ದು, ಅಷ್ಟೆ," ಎಂದಳು ಪಂಕಜಾಕ್ಷಿ. "ಬಿಡಿ. ಸೋಮವಾರ ಹೋಗುವ."

ಬೋಜ ಕುಸಿದು ಕುಳಿತ. ಮಗಳನ್ನು ಎದೆಗೆ ಅವುಚಿಕೊಂಡು ನಾಚಿಕೆ ಬಿಟ್ಟು ಅತ್ತ. ಅಳುತ್ತಲೇ ಅವಳ ಹೆಸರು ಕರೆದ, ಕರೆಯುತ್ತಲೇ ಇದ್ದ. ಅಪ್ಪಿ ಅವನ ಎದೆಯ ಮೇಲೆ ಅಂಗೈ ಇಟ್ಟು ಮುಖ ನೋಡಿ ನಕ್ಕಳು. ಅವನು ಕರೆಯುವುದು ನಿಂತಿತು. ಅವಳು ಒಂದು ಗಳಿಗೆ ಕಾದಳು. ಆಮೇಲೆ ಅಪ್ಪನ ಎದೆಯನ್ನು ಎರಡು ಸಲ ತಟ್ಟಿದಳು.