ಪಟ್ಟಿಯಲ್ಲಿಲ್ಲದ ಕೆಲಸ

ಬಸವೇಶ್ವರನಗರದ ಆ ಮೂರು ಮಹಡಿಯ ನರ್ಸಿಂಗ್ ಹೋಮಿನಲ್ಲಿ ಅಂಜಮ್ಮನಿಗೆ ಹತ್ತೊಂಬತ್ತು ವರ್ಷ ಸರ್ವೀಸು. ಅಷ್ಟರಲ್ಲಿ ಮಾಲೀಕರು ಎರಡು ಸಲ ಬದಲಾದರು, ಗೋಡೆಯ ಬಣ್ಣ ನಾಲ್ಕು ಸಲ ಬದಲಾಯಿತು, ಅಂಜಮ್ಮನ ಬಾಯಿ ಮಾತ್ರ ಬದಲಾಗಲಿಲ್ಲ. ಹಾಗಂತ ಅವಳನ್ನು ಜಗಳಗಂಟಿ ಎಂದುಕೊಳ್ಳಬೇಡಿ. ರೋಗಿಗಳ ಹತ್ತಿರ ಬೆಣ್ಣೆ. ಆಫೀಸಿನವರು ಹತ್ತಿರ ಬಂದರೆ ಮೆಣಸಿನಕಾಯಿ, ಅಷ್ಟೇ.

ಈಗ ಆಫೀಸಿನಲ್ಲಿ ಕೂತಿದ್ದವನು ಚನ್ನವೀರೇಶ್, ಕ್ವಾಲಿಟಿ ಮ್ಯಾನೇಜರ್. ಮೂವತ್ತೆರಡರ ಪ್ರಾಯ, ಇಸ್ತ್ರಿ ಮುರಿಯದ ಶರ್ಟು. ಬಂದ ತಿಂಗಳಲ್ಲೇ ನರ್ಸುಗಳಿಗೆಲ್ಲ ಒಂದೊಂದು ಟ್ಯಾಬ್ ಕೊಡಿಸಿದ್ದ. ಅದರೊಳಗೆ ಕೆಲಸದ ಪಟ್ಟಿ. ಬಿಪಿ ನೋಡುವುದಕ್ಕೆ ಎರಡು ನಿಮಿಷ. ಡ್ರಿಪ್ ಬದಲಿಸುವುದಕ್ಕೆ ನಾಲ್ಕು. ನೋವು ಹತ್ತಕ್ಕೆ ಎಷ್ಟು ಎಂದು ಕೇಳಿ, ರೋಗಿ ಹೇಳಿದ ಅಂಕಿಯನ್ನೇ ಒತ್ತುವುದಕ್ಕೆ ಒಂದು. ಟ್ಯಾಬು ಒಂದೇ ಹಾಸಿಗೆಯ ಹತ್ತಿರ ಹತ್ತು ನಿಮಿಷ ಮೀರಿ ನಿಂತರೆ ಹೆಸರಿನ ಮುಂದೆ ಕೆಂಪು ಗುರುತು. ರೋಗಿಯ ಪಕ್ಕ ಕೂರುವುದು, ಬೆನ್ನು ನೀವುವುದು, ದಿಂಬು ಸರಿಮಾಡುವುದು, ಇವು ಯಾವುವೂ ಆ ಪಟ್ಟಿಯಲ್ಲಿರಲಿಲ್ಲ. ಪಟ್ಟಿಯಲ್ಲಿ ಇಲ್ಲ ಎಂದಮೇಲೆ ಅವು ಕೆಲಸವೇ ಅಲ್ಲ!

ಎರಡು ತಿಂಗಳಲ್ಲಿ ಅಂಜಮ್ಮನಿಗೆ ಹನ್ನೊಂದು ಕೆಂಪು ಬಿದ್ದಿದ್ದವು. ಹೋದ ಸೋಮವಾರ ಚನ್ನವೀರೇಶ್ ಕರೆಸಿ ಹೇಳಿದ್ದ.

"ಸಿಸ್ಟರ್, ಇನ್ನೊಂದು ರೆಡ್ ಬಿದ್ರೆ ನಿಮ್ಮನ್ನ ವಾರ್ಡಿಂದ ತೆಗೆದು ಕೆಳಗಡೆ ರಿಜಿಸ್ಟ್ರೇಷನ್ ಕೌಂಟರ್‌ಗೆ ಹಾಕ್ತೀನಿ. ಆರಾಮಾಗಿ ಕೂತ್ಕೊಂಡು ಟೋಕನ್ ಕೊಡಿ."

ಟೋಕನ್ನಂತೆ ಟೋಕನ್ನು! ಹತ್ತೊಂಬತ್ತು ವರ್ಷ ಜನರ ಮೈ ಮುಟ್ಟಿ ನೋವು ತಿಳಿದುಕೊಂಡ ಕೈಗೆ ಚೀಟಿ ಹರಿದುಕೊಡುವ ಕೆಲಸ. ಅವತ್ತು ನಂದಿನಿ ಲೇಔಟಿನ ಮನೆಗೆ ಸ್ಕೂಟಿ ಓಡಿಸುತ್ತ ಅಂಜಮ್ಮ ಹೆಲ್ಮೆಟ್ಟಿನೊಳಗೇ ಅತ್ತಿದ್ದಳು. ವಾರ್ಡು ಬಿಟ್ಟರೆ ಅವಳಿಗೆ ಬೇರೇನೂ ಬೇಕಿರಲಿಲ್ಲ. ಹಾಗಾಗಿ ಮೂರು ದಿನ ಬಾಯಿ ಹೊಲಿದುಕೊಂಡು ಪಟ್ಟಿಯ ಪ್ರಕಾರ ಓಡಾಡಿದಳು.

ಗುರುವಾರ ಬೆಳಿಗ್ಗೆ ಅವಳನ್ನು ಮಹಿಳೆಯರ ವಾರ್ಡಿಗೆ ಹಾಕಿದರು. ಏಳನೇ ಹಾಸಿಗೆಯಲ್ಲಿ ಸೀತಾ ಮೇಡಂ ಮಲಗಿದ್ದರು. ರಾಜಾಜಿನಗರದ ಹೈಸ್ಕೂಲೊಂದರಲ್ಲಿ ಮೂವತ್ತನಾಲ್ಕು ವರ್ಷ ಲೆಕ್ಕ ಹೇಳಿಕೊಟ್ಟು ರಿಟೈರಾದವರು, ಈಗ ಎಪ್ಪತ್ತೊಂದು. ಪಿತ್ತಕೋಶ ಕೀವುಗಟ್ಟಿ, ಹೊಟ್ಟೆ ಕೊಯ್ದು ತೆಗೆದು ಮೂರು ದಿನವಾಗಿತ್ತು. ಪಕ್ಕೆಲುಬಿನ ಕೆಳಗೆ ಗೇಣುದ್ದದ ಹೊಲಿಗೆ.

ರೌಂಡ್ಸಿಗೆ ಬಂದ ಡಾಕ್ಟರ್ ವಿಶ್ವಾರಾಧ್ಯ ಎದೆಗೆ ಸ್ಟೆತ್ ಇಟ್ಟು ಮುಖ ಗಂಟು ಹಾಕಿದರು. ಆಕ್ಸಿಜನ್ ತೊಂಬತ್ತೊಂದಕ್ಕೆ ಇಳಿದಿತ್ತು.

"ನೋವಿಗೆ ಹೆದರಿ ಇವರು ಪೂರ್ತಿ ಉಸಿರೇ ಎಳ್ಕೊಳ್ತಿಲ್ಲ, ಕೆಮ್ತಾನೂ ಇಲ್ಲ. ಕಫ ಒಳಗೇ ಕೂತ್ರೆ ನ್ಯುಮೋನಿಯ ಆಗತ್ತೆ. ನಾಲ್ಕು ಗಂಟೆಗೆ ಮತ್ತೆ ನೋಡ್ತೀನಿ. ಹೀಗೇ ಇದ್ರೆ ಐಸಿಯುಗೆ ಶಿಫ್ಟ್ ಮಾಡೋಣ," ಎಂದು ಹೇಳಿ ಆಪರೇಷನ್ ಥಿಯೇಟರಿಗೆ ಹೋದರು.

ನೋವಿನ ಔಷಧಿ ಡ್ರಿಪ್ಪಿನಲ್ಲಿ ಹೋಗುತ್ತಲೇ ಇತ್ತು. ಅದಕ್ಕಿಂತ ಜೋರಾದ ಇಂಜೆಕ್ಷನ್ ಹಿಂದಿನ ದಿನ ಕೊಟ್ಟಾಗ ಮೇಡಂ ಸಂಜೆತನಕ ವಾಂತಿ ಮಾಡಿಕೊಂಡು, ಹೊಲಿಗೆಯೇ ಬಿಚ್ಚಿಹೋಗುವಂತಾಗಿದ್ದರಿಂದ ಡಾಕ್ಟರು ಅದನ್ನು ನಿಲ್ಲಿಸಿದ್ದರು. ಅಂಜಮ್ಮ ಟ್ಯಾಬ್ ನೋಡಿದಳು. ಏಳನೇ ಹಾಸಿಗೆ, ನೋವು: ನಾಲ್ಕು. ಹಸಿರು. ಮೂರು ದಿನದಿಂದಲೂ ನಾಲ್ಕೇ. ಐದು ದಾಟಿದರೆ ಮಾತ್ರ ಯಾರಾದರೂ ತಿರುಗಿ ನೋಡಬೇಕು ಎಂಬುದು ನಿಯಮ.

ಆಮೇಲೆ ಅವಳು ಮೇಡಂ ಮುಖ ನೋಡಿದಳು. ಮೇಲ್ದುಟಿಯ ಮೇಲೆ ಬೆವರು. ಬೆಡ್‌ಶೀಟನ್ನು ಹಿಡಿದ ಮುಷ್ಟಿ ಬೆಳ್ಳಗಾಗಿತ್ತು. ಉಸಿರು ಗಂಟಲಿನಿಂದ ಕೆಳಗಿಳಿಯುತ್ತಲೇ ಇರಲಿಲ್ಲ.

"ಮೇಡಂ, ನಿಜ ಹೇಳಿ. ನೋವು ನಾಲ್ಕೇನಾ?"

"ನಾಲ್ಕೇ ಕಣಮ್ಮ." ಮೇಡಂ ತುಂಡುತುಂಡಾಗಿ ಮಾತಾಡಿದರು. "ನಾನು ಯಾರಿಗೂ... ಹತ್ತಕ್ಕೆ ಆರರ ಮೇಲೆ ಕೊಟ್ಟೋಳಲ್ಲ. ಉತ್ತರ ಸರಿಯಿದ್ರೂ... ಸ್ಟೆಪ್ ಬಿಟ್ಟಿದ್ರೆ ಕತ್ತರಿಸ್ತಿದ್ದೆ. ಇದಕ್ಕೇ ಒಂಬತ್ತು ಕೊಟ್ಬಿಟ್ರೆ... ನಾಳೆ ಇನ್ನೂ ಜಾಸ್ತಿ ಬಂದ್ರೆ ಏನು ಕೊಡ್ಲಿ?"

ಅಯ್ಯೋ ಶಿವನೇ! ಅಂಜಮ್ಮ ಹಣೆ ಚಚ್ಚಿಕೊಂಡಳು. ಮಕ್ಕಳಿಗೆ ಮಾರ್ಕ್ಸ್ ಕೊಡುವುದರಲ್ಲಿ ಕೈ ಬಿಗಿ ಹಿಡಿದು ಹಿಡಿದು, ಈ ಮಹಾತಾಯಿ ತನ್ನ ಹೊಟ್ಟೆಯ ನೋವಿಗೂ ಹಾಗೇ ಹಿಡಿದಿದ್ದರು. ಬಂದ ನರ್ಸುಗಳು ಬಂದ ಹಾಗೆ ನಾಲ್ಕು ಒತ್ತಿ ಹೋಗಿದ್ದರು. ಅವರನ್ನೂ ಅನ್ನುವ ಹಾಗಿಲ್ಲ, ಅವರಿಗೆ ಇದ್ದದ್ದೇ ಒಂದು ನಿಮಿಷ. ಆ ಒಂದು ನಿಮಿಷ ಕಣ್ಣು ಟ್ಯಾಬಿನ ಮೇಲೆ, ಮುಖದ ಮೇಲಲ್ಲ. ಅಂಜಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

ಮೊದಲು ಡಾಕ್ಟರಿಗೆ ಫೋನ್ ಮಾಡಿ ವಿಷಯ ತಿಳಿಸಿದಳು. ಅವರು ಡ್ರಿಪ್ಪಿನ ಔಷಧಿಯನ್ನು ಸ್ವಲ್ಪ ಏರಿಸಲು ಹೇಳಿ, "ಅದ್ರ ಮೇಲೆ ಕೊಡೋಕಾಗಲ್ಲ ಸಿಸ್ಟರ್, ವಾಂತಿ ಆಗತ್ತೆ. ಮಿಕ್ಕಿದ್ದು ನಿಮ್ಮ ಕೈಲಿದೆ. ಹೇಗಾದ್ರೂ ಉಸಿರು ಎಳಿಸಿ," ಎಂದರು. ಅಂಜಮ್ಮ ಔಷಧಿ ಏರಿಸಿದಳು. ಉಳಿದ ಒಂಬತ್ತು ಹಾಸಿಗೆಗಳ ಮಾತ್ರೆ, ಡ್ರಿಪ್ಪು ಎಲ್ಲ ಮುಗಿಸಿದಳು. ಊಟದ ಹೊತ್ತಾಯಿತು. ಡಬ್ಬಿಯ ಕಡೆ ತಿರುಗಿಯೂ ನೋಡದೆ ಏಳನೇ ಹಾಸಿಗೆಗೆ ಬಂದು, ಟ್ಯಾಬನ್ನು ಹಾಸಿಗೆ ಪಕ್ಕದ ಮೇಜಿನ ಡ್ರಾಯರಿಗೆ ತಳ್ಳಿ, ಕುರ್ಚಿ ಎಳೆದುಕೊಂಡಳು. ಬೀಳುವುದಾದರೆ ಬೀಳಲಿ ಕೆಂಪು!

ಮಂಚದ ತಲೆಭಾಗ ಎತ್ತಿದಳು. ಮಂಡಿಗಳ ಕೆಳಗೆ ದಿಂಬಿಟ್ಟಳು. ಹೊಟ್ಟೆಯ ಸೆಳೆತ ಸಡಿಲವಾಗಿ ಮೇಡಂ ಬಾಯಿಂದ "ಹಾ" ಎಂದು ಒಂದು ಸಣ್ಣ ಸದ್ದು ಬಂತು. ಯಾರೂ ನೋಡದಿದ್ದರೂ ಕಿರುಚುತ್ತಿದ್ದ ಟಿವಿ ಆರಿಸಿದಳು, ಕಣ್ಣಿಗೆ ಹೊಡೆಯುತ್ತಿದ್ದ ಟ್ಯೂಬ್‌ಲೈಟ್ ಆರಿಸಿದಳು. ಬಿಸಿನೀರಲ್ಲಿ ಹಿಂಡಿದ ಟವೆಲನ್ನು ಮೊದಲು ತನ್ನ ಮುಂಗೈಗೆ ಒತ್ತಿ ನೋಡಿ, ಆಮೇಲೆ ಅವರ ಕುತ್ತಿಗೆ, ಭುಜದ ಮೇಲೆ ಹಾಕಿದಳು. ಬೆನ್ನನ್ನು ಮೇಲಿಂದ ಕೆಳಕ್ಕೆ ನಿಧಾನವಾಗಿ ನೀವಿದಳು. ಮೂರು ದಿನದಿಂದ ಕಲ್ಲಾಗಿದ್ದ ಬೆನ್ನು. ಅದು ಕೈಗೆ ಒಗ್ಗಲು ಹೊತ್ತು ಹಿಡಿಯಿತು.

ಬೆಡ್‌ಶೀಟೊಂದನ್ನು ದಪ್ಪಗೆ ಮಡಿಸಿ ಹೊಲಿಗೆಯ ಮೇಲಿಟ್ಟು, ಅವರ ಎರಡೂ ಕೈ ಅದರ ಮೇಲೆ ಇರಿಸಿದಳು.

"ಇದನ್ನ ಗಟ್ಟಿಯಾಗಿ ಅಪ್ಕೊಳಿ ಮೇಡಂ. ಕೆಮ್ಮುವಾಗ ಇದು ಹೊಲಿಗೆನ ಹಿಡ್ಕೊಳತ್ತೆ. ಈಗ ಇಬ್ರೂ ಮಗ್ಗಿ ಹೇಳೋಣ. ಮೂಗಲ್ಲಿ ಉಸಿರೆಳ್ಕೊಂಡು, ಬಿಡ್ತಾ ಒಂದು ಸಾಲು. ಹದಿಮೂರರದ್ದು."

ಮೇಡಂ ಕಣ್ಣಲ್ಲಿ ಏನೋ ಅಲುಗಿತು. ಹದಿಮೂರೊಂದ್ಲೆ ಹದಿಮೂರು. ಉಸಿರು. ಹದಿಮೂರೆರಡ್ಲೆ ಇಪ್ಪತ್ತಾರು. ಉಸಿರು. ಸಾಲಿನಿಂದ ಸಾಲಿಗೆ ಉಸಿರು ಒಂದೊಂದು ಬೆರಳಿನಷ್ಟು ಕೆಳಗಿಳಿಯಿತು.

"ಹದಿಮೂರೇಳ್ಲೆ ಎಂಬತ್ತೊಂಬತ್ತು," ಎಂದಳು ಅಂಜಮ್ಮ.

ಬೇಕೆಂದು ತಪ್ಪಿದ್ದಲ್ಲ, ದೇವರಾಣೆಗೂ. ಅವಳಿಗೆ ಆ ಮಗ್ಗಿ ಎಂದೂ ನೆಟ್ಟಗೆ ಬಂದಿರಲಿಲ್ಲ. ಆದರೆ ಸೀತಾ ಮೇಡಂ ಮೂರು ದಿನದಲ್ಲಿ ಮೊದಲ ಸಲ ಎದೆ ತುಂಬ ಉಸಿರೆಳೆದುಕೊಂಡು, ಇಡೀ ವಾರ್ಡಿಗೆ ಕೇಳುವ ಹಾಗೆ ಗದರಿದರು.

"ತೊಂಬತ್ತೊಂದು! ಯಾವ ಸ್ಕೂಲಮ್ಮ ನಿಂದು?"

ಆ ಗದರಿಕೆಯ ಬಾಲಕ್ಕೇ ಕೆಮ್ಮು ಬಂತು. "ಅಪ್ಕೊಳಿ, ಅಪ್ಕೊಳಿ!" ಅಂಜಮ್ಮ ತನ್ನ ಕೈಯನ್ನೂ ಅವರ ಕೈ ಮೇಲೆ ಒತ್ತಿ ಹಿಡಿದಳು. ಮೇಡಂ ಕೆಮ್ಮಿದರು, ಅತ್ತರು, ಮತ್ತೆ ಕೆಮ್ಮಿದರು. ಕಫ ಬಂತು. ಅಂಜಮ್ಮ ಬೇಸಿನ್ ಹಿಡಿದು ಅವರ ಬಾಯಿ ಒರೆಸಿದಳು. ಖುಷಿಗೆ ಅವಳ ಕಣ್ಣಲ್ಲೂ ನೀರು.

ಅಷ್ಟರಲ್ಲಿ ಚನ್ನವೀರೇಶ್ ಬಂದು ನಿಂತ.

"ಸಿಸ್ಟರ್, ಮೂವತ್ತೆಂಟು ನಿಮಿಷ ಆಯ್ತು! ಏಳನೇ ಬೆಡ್ಡು ಗ್ರೀನ್ ಇದೆಯಲ್ರೀ, ಇಲ್ಲೇನು ಮಾಡ್ತಿದೀರಾ?"

"ಗ್ರೀನ್ ನಿಮ್ಮ ಟ್ಯಾಬಲ್ಲಿದೆ ಸಾರ್. ಒಂದ್ಸಲ ಇವರ ಮುಖ ನೋಡಿ."

ಅವನು ಮೇಡಂ ಕಡೆ ನೋಡಿದ. ಕೆಟ್ಟವನೇನಲ್ಲ, ಅವನ ತಲೆಯ ಮೇಲೂ ಒಬ್ಬರಿದ್ದರು.

"ಈಗ್ಲೇ ಎದ್ದು ಬನ್ನಿ. ಈ ರೆಡ್ ನಾನೇ ಅಳಿಸಿಬಿಡ್ತೀನಿ. ಯಾರ್ಗೂ ಗೊತ್ತಾಗಲ್ಲ," ಎಂದ, ದನಿ ತಗ್ಗಿಸಿ.

ಏಳುವುದು ಎಷ್ಟು ಸುಲಭ! ಎದ್ದರೆ ವಾರ್ಡು ಉಳಿಯುತ್ತದೆ. ಆದರೆ ಒಂದು ಕೆಮ್ಮಿಗೆ ಎಲ್ಲ ಮುಗಿಯುವುದಿಲ್ಲ, ನಾಲ್ಕು ಗಂಟೆಯೊಳಗೆ ಇನ್ನೂ ಎರಡು ಮೂರು ಸಲ ಹೀಗೇ ಕೂರಬೇಕು. ಇವಳು ಎದ್ದರೆ ಮೇಡಂ ಮತ್ತೆ ಗಂಟಲಲ್ಲೇ ಉಸಿರಾಡುತ್ತಾರೆ, ಟ್ಯಾಬಿನಲ್ಲಿ ಮತ್ತೆ ನಾಲ್ಕು ಬೀಳುತ್ತದೆ.

"ಹಾಕ್ಕೊಳಿ ಸಾರ್ ರೆಡ್ಡು. ನಾನು ಏಳಲ್ಲ," ಎಂದಳು. "ಮೇಡಂ, ಈಗ ಹದಿನೇಳರದ್ದು. ಅದಂತೂ ನಂಗೆ ಬರೋದೇ ಇಲ್ಲ."

ನಾಲ್ಕು ಗಂಟೆಗೆ ಡಾಕ್ಟರ್ ಬಂದಾಗ ಆಕ್ಸಿಜನ್ ತೊಂಬತ್ತೈದಿತ್ತು. ಮೇಡಂ ಮಡಿಸಿದ ಬೆಡ್‌ಶೀಟನ್ನು ಅಪ್ಪಿಕೊಂಡೇ ಕೂತಿದ್ದರು. ಡಾಕ್ಟರ್ ಎದೆ ಪರೀಕ್ಷಿಸಿ, "ಐಸಿಯು ಬೇಡ. ಇದನ್ನೇ ಮುಂದುವರ್ಸಿ," ಎಂದು ಹೋದರು.

ಐದಕ್ಕೆ ಆಫೀಸಿನಿಂದ ಕರೆ ಬಂತು. ಚನ್ನವೀರೇಶ್ ಟೈಪ್ ಮಾಡಿದ ಹಾಳೆಯೊಂದನ್ನು ಮುಂದಿಟ್ಟ. 'ಪಟ್ಟಿಯಲ್ಲಿಲ್ಲದ ಕೆಲಸಕ್ಕೆ ಕರ್ತವ್ಯದ ಸಮಯ ಬಳಸಿದ್ದಕ್ಕೆ ಕ್ಷಮೆ ಕೋರುತ್ತೇನೆ. ಮುಂದೆ ಹೀಗಾಗುವುದಿಲ್ಲ.'

"ಸೈನ್ ಮಾಡಿ ಸಿಸ್ಟರ್. ಪೇಷಂಟ್ ಹುಷಾರಾದ್ರು, ಸಂತೋಷ. ನೀವೂ ವಾರ್ಡಲ್ಲೇ ಇರ್ತೀರ. ಇಲ್ಲಾಂದ್ರೆ ನಾಳೆಯಿಂದ ಕೌಂಟರು. ನಂಗೆ ಬೇರೆ ದಾರಿ ಇಲ್ಲ."

ಅಂಜಮ್ಮ ಪೆನ್ನು ತೆಗೆದುಕೊಂಡಳು. ಹಾಳೆಯನ್ನು ಮಗುಚಿ, ಖಾಲಿ ಬದಿಯಲ್ಲಿ ಬರೆಯತೊಡಗಿದಳು. ಮಂಡಿ ಕೆಳಗೆ ದಿಂಬು ಇಟ್ಟೆ. ದೀಪ, ಟಿವಿ ಆರಿಸಿದೆ. ಭುಜಕ್ಕೆ ಬಿಸಿ ಟವೆಲ್ ಹಾಕಿದೆ. ಬೆನ್ನು ನೀವಿದೆ. ಹೊಟ್ಟೆಗೆ ಆಸರೆ ಕೊಟ್ಟು ಕೆಮ್ಮಿಸಿದೆ. ಮೂರು ಸಲ, ಒಟ್ಟು ಎಂಬತ್ತು ನಿಮಿಷ ಪಕ್ಕದಲ್ಲಿ ಕೂತಿದ್ದೆ. ಇದೆಲ್ಲ ನನ್ನ ಕೆಲಸ. ಮತ್ತೂ ಮಾಡುತ್ತೇನೆ. ಕೆಳಗೆ ದೊಡ್ಡದಾಗಿ ಸಹಿ ಹಾಕಿದಳು.

ಚನ್ನವೀರೇಶ್ ಓದಿದ. "ಹಾಗಾದ್ರೆ ನಾಳೆಯಿಂದ ಕೌಂಟರು, ಸಿಸ್ಟರ್."

"ಆಗ್ಲಿ ಸಾರ್. ಅದು ನಾಳೆ ತಾನೆ?"

ಅವಳ ಪಾಳಿ ಮುಗಿಯುವುದು ಎಂಟು ಗಂಟೆಗೆ. ಅಂಜಮ್ಮ ಮೆಟ್ಟಿಲು ಹತ್ತಿ ವಾರ್ಡಿಗೆ ಹೋದಳು. ಮೂರನೇ ಹಾಸಿಗೆಯ ಶಿವಕ್ಕ ಬೆಳಿಗ್ಗೆಯಿಂದ ಸೊಂಟ ಹಿಡಿದುಕೊಂಡು ಮಗ್ಗುಲು ಬದಲಿಸುತ್ತಲೇ ಇದ್ದಳು. ಅಂಜಮ್ಮ ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತು, "ಎಲ್ಲಿ, ತೋರ್ಸಿ," ಎಂದಳು.