ಹೂಳೆತ್ತುವ ತೀರ್ಮಾನ

ಒಳಗೆ ಸಭೆ ನಡೆಯುತ್ತಿತ್ತು. ಹೊರಗೆ ಇಂಜಿನಿಯರ್‌ಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕೆರೆಯನ್ನೂ ಸುತ್ತಲಿನ ನೆಲವನ್ನೂ ತಲೆಮಾರುಗಳಿಂದ ಕಾಪಾಡಿದ ಮೂಲನಿವಾಸಿಗಳಿಗೇ ಅದರ ಉಸ್ತುವಾರಿ ಸಿಗಬೇಕೆಂದು ಇಲಾಖೆಯಲ್ಲಿ ಎಲ್ಲರ ಜೊತೆ ಜಗಳವಾಡಿ ಗೆದ್ದವನು ಅವನೇ. ಈಗ ಸಭೆಯಲ್ಲಿ ಅವರ ಮುಂದಿದ್ದುದು ಅವನದೇ ಯೋಜನೆ: ಕೆರೆಯ ಹೂಳೆತ್ತುವುದು. ಯಂತ್ರಗಳು ಆಗಲೇ ದಂಡೆಗೆ ಬಂದು ನಿಂತಿದ್ದವು.

ಅವನು ಶತಪಥ ತಿರುಗಿದ. ಬಾಗಿಲಿಗೆ ಕಿವಿ ಹಚ್ಚಲು ಹೋಗಿ, ನಾಚಿ ಹಿಂದೆ ಸರಿದ.

ಕೊನೆಗೆ ಸಭೆಯ ಮುಖ್ಯಸ್ಥೆ ಹೊರಬಂದಳು. ಬಸ್ ಓಡಿಸುತ್ತಿದ್ದ ಅವಳನ್ನು ಎಲ್ಲರೂ ಡ್ರೈವರಮ್ಮ ಎನ್ನುತ್ತಿದ್ದರು.

"ಈ ವರ್ಷ ಹೂಳೆತ್ತೋದು ಬೇಡ ಅಂತ ಆಯ್ತು. ಮೊದಲು ಗುಡ್ಡಕ್ಕೆ ಗಿಡ ಹಾಕಿ, ಮಣ್ಣು ಕೊಚ್ಚಿ ಬರೋದನ್ನ ನಿಲ್ಲಿಸ್ಬೇಕು."

"ಅಷ್ಟರಲ್ಲಿ ಹೂಳು ಇನ್ನೂ ಹೆಚ್ಚಾದ್ರೆ?"

"ಆಗಬಹುದು. ಆ ಭಯ ನಮಗೂ ಇದೆ. ನೀವು ನಮ್ಮ ಜೊತೆ ಇರ್ತೀರಾ?"

ಅವನು ಬಾಯಿ ತೆರೆಯುವಷ್ಟರಲ್ಲಿ ಮೇಲಧಿಕಾರಿಯ ಫೋನ್ ಬಂತು.

"ಸರ್, ಯಂತ್ರಗಳನ್ನ ವಾಪಸ್ ಕಳಿಸ್ತಿದ್ದೀನಿ."

"ಯಾರನ್ನ ಕೇಳಿ?"

"ಕೆರೆ ಅವರದು ಸರ್, ತೀರ್ಮಾನಾನೂ ಅವರದೇ. ಬೇಡ ಅಂದಿದ್ದಾರೆ."

ಆಮೇಲಿನ ಬೈಗುಳ ಡ್ರೈವರಮ್ಮನಿಗೂ ಕೇಳಿಸಿತು. ಫೋನ್ ಇಟ್ಟ ಮೇಲೆ ಅವಳು ಕೇಳಿದಳು, "ಚೆನ್ನಾಗಿ ಬಿತ್ತಾ?"

"ಹೊಟ್ಟೆ ತುಂಬಾ."

"ಹಾಗಾದ್ರೆ ಒಳಗೆ ಬನ್ನಿ. ಯಾವ ಗಿಡ ಅನ್ನೋ ಚರ್ಚೆ ಇನ್ನೂ ಮುಗಿದಿಲ್ಲ."

ಅವನು ಹಿಂದಿನ ಸಾಲಿನಲ್ಲಿ ಕೂತ. ಅವರು ಮಾಡಿದ್ದು ಸರಿಯೋ ತಪ್ಪೋ ಅವನಿಗೆ ಗೊತ್ತಿರಲಿಲ್ಲ. ಆದರೆ ಅವರು ಕೇಳುವ ತನಕ ಅವನು ತುಟಿ ಬಿಚ್ಚಲಿಲ್ಲ.