ಬಾವಿ ಹಿಡಿದ ದೇಶ

ಕೂರಿಸಿದ ಹೆಣದ ಕತ್ತು ಪದೇ ಪದೇ ಎಡಕ್ಕೆ ವಾಲುತ್ತಿತ್ತು. ನಂದೀಶ ಅದನ್ನು ನೆಟ್ಟಗೆ ಮಾಡಿ, ಹಿಂದಿನ ಕಿಟಕಿಯ ಸರಳಿಗೆ ಕಟ್ಟಿದ ಬಟ್ಟೆಯನ್ನು ಇನ್ನೊಂದು ಸುತ್ತು ಬಿಗಿದ.

“ಸಭಾದಾಗ ನೆಟ್ಟಗ ಕುಂಡ್ರಬೇಕು ಅಂತ ನಮ್ಮನ್ನ ಬೈತಿದ್ರು,” ಎಂದ. “ಈಗ ಇವರನ್ನ ನೋಡು.”

“ನೀ ಯಾವಾಗ ನೆಟ್ಟಗ ಕುಂತಿದ್ದೆಪಾ?” ಎಂದಳು ಸಬೀನಾ, ಹಾರ ಸರಿಪಡಿಸುತ್ತ.

ಹಾರದೊಳಗಿದ್ದ ದೇವೇಂದ್ರಪ್ಪನವರು ಮುಂಡರಗಿಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಹೇಳಿ, ನಿವೃತ್ತರಾಗಿ, ಲಕ್ಷ್ಮೇಶ್ವರದ ಈ ಮನೆಗೆ ಬಂದವರು. ಬಂದ ಮೇಲೂ ಸುಮ್ಮನಿರಲಿಲ್ಲ. ರವಿವಾರಕ್ಕೊಮ್ಮೆ ಊರ ಹುಡುಗ ಹುಡುಗಿಯರನ್ನು ಕೂಡಿಸಿಕೊಂಡು, ಅಧಿಕಾರದಲ್ಲಿದ್ದವರ ಮುಂದೆ ಜನರ ಅಹವಾಲು ಮಂಡಿಸುವುದು ಹೇಗೆ, ದೇಶ ದೇಶಗಳು ಜಗಳ ಬಗೆಹರಿಸಿಕೊಳ್ಳುವುದು ಹೇಗೆ ಎಂದು ಕಲಿಸಿದರು. ಅವರಿಗೆ ಪಾಸ್‌ಪೋರ್ಟ್ ಇರಲಿಲ್ಲ. ಒಡಹುಟ್ಟಿದ ತಮ್ಮ ಫಕ್ಕೀರಪ್ಪನೊಂದಿಗೆ ಮಾತೂ ಇರಲಿಲ್ಲ.

ಅಂಗಳದಲ್ಲಿ ಗುದ್ದಲಿ ಹಿಡಿದು ಕುಳಿತಿದ್ದ ಕುಣಿ ತೋಡುವ ಯಂಕಪ್ಪ ಒಳಗೆ ಇಣುಕಿದ. “ಬಿಸಲು ಏರಾಕತ್ತೇತ್ರಿ. ಕುಣಿ ಎಲ್ಲಿ ತೋಡ್ಲಿ, ಅದನ್ನರ ಹೇಳ್ರಿ.”

ಗಂಡನ ಮೊಣಕಾಲ ಮೇಲಿಟ್ಟ ಕೈ ತೆಗೆಯದೆ ಸಿದ್ದಲಿಂಗವ್ವ ಮಾತಾಡಿದರು. “ನಮ್ಮವ್ವನ ಮಗ್ಗಲಕ ಇಡ್ರಿ ಅಂದಿದ್ರು. ಬ್ಯಾರೆ ಏನೂ ಕೇಳಲಿಲ್ಲ. ಅವ್ವನ್ನ ಇಟ್ಟ ಹೊಲ ನೋಡಿದ್ರ ಮೈದುನನ ಪಾಲಿಗೆ ಹೋಗೇತಿ. ಮುಂಜಾನೆನ ಖಬರ ಮುಟ್ಟೇತಿ ಅವರಿಗೆ. ಬಂದಿಲ್ಲ.”

“ನಾವು ಹೋಗಿ ಮಾತಾಡ್ತೀವ್ರಿ ಅಮ್ಮಾ,” ಎಂದಳು ಸಬೀನಾ.

“ಹೋಗ್ರಿ. ಇಷ್ಟು ವರ್ಷ ನಿಮಗ ಕಲಿಸಿದ್ದು ಅದನ್ನ ಅಲ್ಲೇನು?”

ಸಬೀನಾ ಗದಗ ಕೋರ್ಟಿನಲ್ಲಿ ವಕೀಲಿ ಮಾಡುವವಳು, ನಂದೀಶ ಪುರಸಭೆಯ ಸದಸ್ಯ. ಪರೀಕ್ಷೆಗೆ ಹೊರಟವರ ಹಾಗೆ ಇಬ್ಬರೂ ಯಂಕಪ್ಪನನ್ನು ಕರೆದುಕೊಂಡು ಕಾರು ಹತ್ತಿದರು.

*

ರವಿವಾರದ ತರಗತಿ ನಡೆಯುತ್ತಿದ್ದುದು ದಲಾಲರ ಅಡತಿ ಅಂಗಡಿಯೊಂದರ ಮಾಳಿಗೆಯ ಮೇಲೆ. ಕೆಳಗೆ ಮೆಣಸಿನಕಾಯಿ ಚೀಲ ಇಳಿದ ದಿನ ಅಣ್ವಸ್ತ್ರಗಳ ಚರ್ಚೆ ಸೀನಿನಲ್ಲೇ ಮುಗಿದುಹೋಗುತ್ತಿತ್ತು. ಒಬ್ಬೊಬ್ಬರಿಗೆ ಒಂದೊಂದು ದೇಶ. ಯಾರು ಯಾವುದನ್ನು ಬೇಡವೆಂದರೋ ಅವರಿಗೆ ಅದೇ. ಸಬೀನಾಗೆ ಅಮೆರಿಕ ಬಂತು. ಅವಳ ಅಪ್ಪ ರಹಮಾನಸಾಬ ಬಳೆ ಅಂಗಡಿಯಲ್ಲಿ ಕುಳಿತು, ಬಂದವರಿಗೆಲ್ಲ ಅದರ ಸಮಜಾಯಿಷಿ ಹೇಳಬೇಕಾಯಿತು. ನಂದೀಶನಿಗೆ ಪಾಕಿಸ್ತಾನ ಬಂತು. ಮುಂದೆ ಚುನಾವಣೆಗೆ ನಿಂತಾಗ ಎದುರಾಳಿಗಳು ಅದನ್ನು ವಾರ್ಡಿನ ತುಂಬ ಸಾರಿದರು. ಆದರೂ ಹೇಗೋ ಗೆದ್ದ.

ನಿಯಮ ಒಂದೇ ಇತ್ತು. ನಿನ್ನ ವಾದ ಹೂಡುವ ಮೊದಲು ಎದುರಿನವನ ವಾದವನ್ನು ನೀನೇ ಹೇಳಬೇಕು. ಅವನು ಹೌದು, ಇದು ನನ್ನ ಮಾತೇ ಎಂದು ತಲೆಯಾಡಿಸಿದ ಮೇಲೆ ನಿನ್ನ ಸರದಿ.

ವರ್ಷದ ಕೊನೆಗೆ ಒಂದು ಜಗಳ ತಪ್ಪದೆ ಬರುತ್ತಿತ್ತು. ಎರಡು ದೇಶ, ನಡುವೆ ಒಂದು ಬಾವಿ.

“ಸರ್, ದೇಶದ ನಡುವ ನದಿ ಇರ್ತಾವ್ರಿ,” ಎಂದು ಸಬೀನಾ ತಕರಾರು ತೆಗೆದಿದ್ದಳು. “ಬಾವಿ ಎಲ್ಲಿಂದ ಬಂತು?”

“ನದಿ ಮುಂಡರಗಿಯವರಿಗೆ ಇರ್ಲಿ. ಲಕ್ಷ್ಮೇಶ್ವರದವರಿಗೆ ಬಾವಿನ ಸಾಕು.”

ಬಾವಿಯನ್ನು ಹಿಡಿದುಕೊಂಡ ದೇಶವನ್ನು ಮಾತ್ರ ಅವರು ಯಾರಿಗೂ ಕೊಡುತ್ತಿರಲಿಲ್ಲ. ತಾವೇ ಎದ್ದು ನಿಂತು, ಅಣ್ಣನಾದ ದೇಶ ಓದಲು ಹೋದಾಗ ಎತ್ತು ಹೊಡೆದವರು ಯಾರು, ಮುಪ್ಪಿನ ತಾಯಿಗೆ ನೀರು ಕೊಟ್ಟವರು ಯಾರು ಎಂದು ವಾದಿಸುತ್ತಿದ್ದರು. ದೇಶಗಳು ಎತ್ತು ಹೊಡೆಯುವುದನ್ನು ಕೇಳಿ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು.

*

ಶಿರಹಟ್ಟಿ ರಸ್ತೆ ಬಿಟ್ಟು ಹೊಲದ ದಾರಿಗೆ ಇಳಿದಾಗ ಸಬೀನಾ ನಂದೀಶನ ತೋಳು ಮುಟ್ಟಿದಳು.

“ಅಲ್ಲಿ ನೋಡು. ಬಾವಿ.”

ನಂದೀಶ ಕಾರು ನಿಲ್ಲಿಸಿದ. “ಇದ ಬಾವಿ ಮಾತು ಕೇಳಿ ಎಷ್ಟು ವರ್ಷ ನಕ್ಕೆವಲ್ಲ ನಾವು,” ಎಂದ. ಹಿಂದಿನ ಸೀಟಿನಲ್ಲಿದ್ದ ಯಂಕಪ್ಪನಿಗೆ ಇದರಲ್ಲಿ ಏನೂ ವಿಶೇಷ ಕಾಣಲಿಲ್ಲ.

ಬಾವಿಯ ದಂಡೆಯ ಮೇಲೆ ಫಕ್ಕೀರಪ್ಪ ಪಂಪಿನ ಪೈಪಿಗೆ ರಬ್ಬರು ಸುತ್ತುತ್ತಿದ್ದ. ಸ್ನಾನ ಮಾಡಿ, ವಿಭೂತಿ ಹಚ್ಚಿ, ಒಗೆದ ಬಿಳಿ ಅಂಗಿ ಹಾಕಿಕೊಂಡಿದ್ದ. ಹೊಲ ಬಿಟ್ಟು ಮಾತ್ರ ಕದಲಿರಲಿಲ್ಲ.

“ಬರ್ರಿ, ಕುಂಡ್ರಿ. ನಮ್ಮಣ್ಣನ ದೇಶದವರು ಬಂದಂಗ ಕಾಣ್ತೇತಿ.”

ನಂದೀಶ ನಿಯಮದಂತೆ ಶುರು ಮಾಡಿದ. “ಕಾಕಾ, ಮೊದಲ ನಿಮ್ಮ ಮಾತು ನಾವ ಹೇಳ್ತೀವಿ. ನೀವು ಶಾಲಿ ಬಿಟ್ಟು ಎತ್ತು ಹೊಡದ್ರಿ, ಅಣ್ಣ ಓದಿದ್ರು. ಅವ್ವ ಹಾಸಿಗಿ ಹಿಡದಾಗ ಹೇಲು ಉಚ್ಚಿ ಬಳದವರು ನೀವು. ಅಣ್ಣ ಕಾಲೇಜು ಸೂಟಿ ಇದ್ದಾಗ ಬಂದು ಮಾತಾಡಿಸಿ ಹೋದ್ರು.”

“ಪಾಲು ಆದಾಗ ಬಾವಿ ಹೊಲ ನಿಮಗ ಬಂದದ್ದು ಹಕ್ಕಿನಿಂದನ,” ಎಂದಳು ಸಬೀನಾ. “ಆದ್ರ ಅಣ್ಣ ಅದನ್ನ ಮೋಸ ಅಂತ ನಾಲ್ಕು ಮಂದಿ ಮುಂದ ಅಂದ್ರು.”

ಫಕ್ಕೀರಪ್ಪ ಒಂದೊಂದು ಮಾತಿಗೂ ತಲೆಯಾಡಿಸಿದ. ಕಲಿತ ವಿದ್ಯೆ ಇಷ್ಟು ಸರಾಗವಾಗಿ ಸಾಗಿದ್ದು ಇಬ್ಬರಿಗೂ ನೆನಪಿರಲಿಲ್ಲ.

“ನನ್ನ ಮಾತು ಇಷ್ಟು ಚಂದಾಗಿ ನನಗ ಹೇಳಾಕ ಬಂದಿದ್ದಿಲ್ಲ,” ಎಂದ ಫಕ್ಕೀರಪ್ಪ. “ಇಷ್ಟೆಲ್ಲಾ ಖರೆ ಐತಿ ಅಂದ ಮ್ಯಾಲ ಜಾಗ ಯಾಕ ಕೊಡ್ಲಿ? ಕೊಡೂದಿಲ್ಲ. ನೀವು ಹೋಗಿ ಬರ್ರಿ.”

ಅವನು ಮತ್ತೆ ಪೈಪಿನ ಕಡೆ ತಿರುಗಿದ. ಹೀಗಾದರೆ ಏನು ಮಾಡಬೇಕೆಂದು ತರಗತಿಯಲ್ಲಿ ಯಾರೂ ಹೇಳಿರಲಿಲ್ಲ. ಅಲ್ಲಿ ಎದುರಿನ ದೇಶಕ್ಕೆ ಇನ್ನೊಬ್ಬರ ಸರದಿ ತಪ್ಪಿಸುವ ಪರವಾನಗಿ ಇರಲಿಲ್ಲ. ನಂದೀಶ ಪ್ಯಾಂಟಿನ ಧೂಳು ಕೊಡವಿ ಎದ್ದ.

“ಅಲ್ಲವ್ವಾ,” ಎಂದ ಫಕ್ಕೀರಪ್ಪ, ಸಬೀನಾಳತ್ತ ನೋಡದೆ. “ಅವ್ವನ ಹಾಸಿಗಿ ವಿಷಯ ನಿಮಗ ಯಾರು ಹೇಳಿದ್ರು?”

“ಸರ್ ಅವರ ಹೇಳಿದ್ರು ಕಾಕಾ. ಪ್ರತಿ ವರ್ಷ ಹೇಳ್ತಿದ್ರು. ಎರಡು ದೇಶ, ನಡುವ ಬಾವಿ ಅಂತ ಜಗಳ ಹೂಡತಿದ್ರು. ಬಾವಿ ಹಿಡದ ದೇಶ ತಾವ ಆಗ್ತಿದ್ರು.”

“ಅಂದ್ರ, ನನ್ನ ಕಡೆ ಮಾತಾಡ್ತಿದ್ದ?”

“ಹೂಂರಿ.”

“ಗೆದ್ನೋ, ಸೋತ್ನೋ?”

“ಒಂದ ಸಲನೂ ಸೋಲಲಿಲ್ರಿ.”

ಫಕ್ಕೀರಪ್ಪನ ಕೈಯಲ್ಲಿದ್ದ ರಬ್ಬರು ಪಟ್ಟಿ ತಾನೇ ಬಿಚ್ಚಿಕೊಳ್ಳುತ್ತ ಹೋಯಿತು. ಅವನು ಅದನ್ನು ತಡೆಯಲಿಲ್ಲ.

“ಲಕ್ಷ್ಮೇಶ್ವರ ಇಲ್ಲಿಂದ ಏನು ದೂರ,” ಎಂದ. “ನನ್ನ ಮುಂದ ಬಂದು ಒಮ್ಮಿ ಅಂದಿದ್ರ ಏನಾಗ್ತಿತ್ತು ಆ ಮಗನಿಗೆ.”

ಎದ್ದು, ಹೊಲದ ಮೂಲೆಯಲ್ಲಿ ತಾಯಿಯನ್ನು ಹೂತಿದ್ದ ಗದ್ದಿಗೆಯ ಕಡೆ ನಡೆದ. ಕರೆಯದೆಯೇ ಯಂಕಪ್ಪ ಗುದ್ದಲಿ ಹೆಗಲಿಗೇರಿಸಿ ಹಿಂದೆ ಹೊರಟ.

“ಪಾದದ ಅಳತಿ ತಂದೀರೇನ್ರಿ?” ಎಂದು ಯಂಕಪ್ಪ ಗದ್ದಿಗೆಯ ಹತ್ತಿರ ನಿಂತು ಕೇಳಿದ. ಸತ್ತವರ ಪಾದದ ಲೆಕ್ಕದಲ್ಲೇ ಕುಣಿ ತೋಡುವುದು ರೂಢಿ. ಮನೆ ಬಿಡುವ ಮೊದಲು ಹೆಣದ ಅಂಗಾಲಿಗೆ ದಾರ ಹಿಡಿದು ಅಳೆದು ತರಬೇಕು. ದಾರಿಯುದ್ದಕ್ಕೂ ವಾದ ಜೋಡಿಸಿಕೊಂಡು ಬಂದವರಿಗೆ ಅದು ಹೊಳೆದಿರಲಿಲ್ಲ.

“ಹತ್ತು ನಿಮಿಷ. ಹೋಗಿ ತರ್ತೀನಿ,” ಎಂದು ನಂದೀಶ ಕಾರಿನ ಕೀಲಿ ತೆಗೆದ.

“ಬ್ಯಾಡ,” ಎಂದ ಫಕ್ಕೀರಪ್ಪ. “ಅಂವ ಲಗ್ನದಾಗ ಹಾಕ್ಕೊಂಡ ಬೂಟ ನಾನೂ ನನ್ನ ಲಗ್ನದಾಗ ಹಾಕ್ಕೊಂಡೆ. ಬರೋಬ್ಬರಿ ಕುಂತಿದ್ವು.”

ಚಪ್ಪಲಿ ಬಿಟ್ಟು, ಧೋತರ ಎತ್ತಿ ಕಟ್ಟಿ, ಗದ್ದಿಗೆಯ ಅಂಚಿಗೆ ಹಿಮ್ಮಡಿ ತಾಗಿಸಿ ನಿಂತ. ಆಮೇಲೆ ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ಕೂಡಿಸುತ್ತ, ತೂಕ ತಪ್ಪದಂತೆ ಎರಡೂ ಕೈ ಚಾಚಿ, ಎರೆಮಣ್ಣಿನ ಮೇಲೆ ಮೆಲ್ಲಗೆ ಮುಂದೆ ಸರಿಯತೊಡಗಿದ. ಅವನ ಪಕ್ಕದಲ್ಲೇ ಯಂಕಪ್ಪ ಬಗ್ಗಿ, ಗುದ್ದಲಿಯ ಮೊನೆಯಿಂದ ಗೆರೆ ಎಳೆಯುತ್ತ ಬಂದ.